ಏಳು ಮನೆಗೆ ಒಂದು ಕಪ್ಪು

ಲಿವೋರ್ನೊ ಬಂದರಿನಲ್ಲಿ ಆಗ ನಾವು ಏಳು ಮನೆ.
ಬಾಸ್ಟನ್ನಿನವರು ಮೂರು, ಸೇಲಂನವರು ಎರಡು,
ಎಲ್ಲಿಯವರೆಂದು ನೆಟ್ಟಗೆ ಹೇಳದ ಟ್ರಾಸ್ಕ್ ದಂಪತಿ,
ಮತ್ತೆ ಕಲ್ಲು ಕೆತ್ತುವ ಅಸಾಹೆಲ್, ಅವನ ಫಿಲ್ಯೂರಾ.
ಏಳು ಮನೆಗೂ ಸೇರಿ ಸಾವಿಗೆಂದು ಒಂದೇ ಉಡುಪು.

ಮೊದಲು ಅದು ಡ್ರುಸಿಲ್ಲಾಳದು.
ಅವಳ ಗಂಡ ಕಪ್ತಾನ. ಜ್ವರದ ಗುಮಾನಿಗೆ ಹಡಗನ್ನು ತಡೆದಿಟ್ಟ
ಮೂವತ್ತೆಂಟನೆಯ ದಿನ ಹೋದ.
ನಲವತ್ತಕ್ಕೆ ಬಿಡುತ್ತಿದ್ದರು.
ವರ್ಷ ಕಳೆದು ಊರಿನ ಹಡಗು ಹತ್ತುವಾಗ
ಅದನ್ನು ಮಡಿಸಿ, ಲವಂಗ ಇಟ್ಟು, ನನ್ನ ಕೈಗೆ ಕೊಟ್ಟಳು:
"ಬಟ್ಟೆ ಗಟ್ಟಿ ಇದೆ, ಕೆಜಾಯಾ. ಯಾರಿಗಾದರೂ ಬೇಕಾದೀತು."
ಹಾಗೆನ್ನಬಾರದಿತ್ತೆಂದು ಇಬ್ಬರಿಗೂ ಹೊಳೆಯುವಷ್ಟರಲ್ಲಿ
ದೋಣಿಯವನು ಹುಟ್ಟು ಹಾಕಿಬಿಟ್ಟಿದ್ದ.

ಆಮೇಲೆ ಅದು ಮನೆಯಿಂದ ಮನೆಗೆ ನಡೆಯಿತು.
ಲೊಯಿಸ್ ಟ್ರಾಸ್ಕಳ ತೋಳಿಗೆ ಸಾಲದೆ
ಬಗಲು ಬಿಚ್ಚಿ ತುಂಡು ಸೇರಿಸಿದೆವು.
ಹುಡುಗಿ ಟ್ರೈಫೀನಾಗೆ ಅಂಚನ್ನು ನಾಲ್ಕು ಬೆರಳು ಮಡಚಿದೆವು.
ತಾಯಿ ತೀರಿದ ಸುದ್ದಿ ಅವಳಿಗೆ ಬಂದದ್ದು ಐವತ್ತು ದಿನ ತಡವಾಗಿ.
ಆ ದಿನ ತಾನೇನು ಮಾಡುತ್ತಿದ್ದೆನೆಂದು
ದಿನಚರಿ ತೆರೆದು ನೋಡಿದಳು:
ಅಂಜೂರ ತಿಂದೆ. ತುಂಬ ನಕ್ಕೆ.

ಊರಲ್ಲಾಗಿದ್ದರೆ ಲೊಯಿಸಳ ಹೊಸ್ತಿಲನ್ನು ನಾನು ತುಳಿಯುತ್ತಿರಲಿಲ್ಲ.
ಕೊಟ್ಟ ಸಕ್ಕರೆಯನ್ನು ಬಟ್ಟಲ ಲೆಕ್ಕದಲ್ಲಿ
ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗೀಚಿಡುವವಳು ಅವಳು.
ಆದರೆ ಇಲ್ಲಿ
ನಮ್ಮ ನುಡಿಯಲ್ಲಿ ಅಳಬಲ್ಲವರು ಬೆರಳೆಣಿಕೆ.
ಆರಿಸಿಕೊಳ್ಳುವ ಸಿರಿತನ ಯಾರಿಗಿದೆ?

ಆ ಚಳಿಗಾಲ ಫಿಲ್ಯೂರಾಳ ಲೈಮನ್. ಐದು ವರ್ಷ.
ಗಂಟಲು ಕಟ್ಟಿತು, ಮೂರು ರಾತ್ರಿ.
ಪರರ ಮಕ್ಕಳ ಗೋರಿಗೆ ರೆಕ್ಕೆಯ ದೂತರನ್ನು ಕೆತ್ತಿ
ಗರಿಗಿಷ್ಟು ಎಂದು ಹಣ ಎಣಿಸಿದ್ದ ಅಸಾಹೆಲ್
ಕಲ್ಲಿನ ಮುಂದೆ ಉಳಿ ಹಿಡಿದು ನಿಂತ, ಸಂಜೆತನಕ ನಿಂತ,
ಕೊನೆಗೆ ಕೆಲಸದ ಹುಡುಗ ಜಿಯೊಕೊಂಡೊಗೆ ಕೊಟ್ಟ.
ಇಂಗ್ಲಿಷ್ ಅರಿಯದ ಹುಡುಗ ನೋಡಿ ನೋಡಿ ಕೆತ್ತಿದ;
ಹೆಸರಿನ ಕೊನೆಯ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿ ನಿಂತಿತು.
ನಾವೆಲ್ಲ ನೆಲ ನೋಡಿದೆವು.
ಫಿಲ್ಯೂರಾ ಬೆರಳಿಟ್ಟು ತೀಡಿ ನೋಡಿದಳು.
"ಇರಲಿ ಬಿಡಿ. ಅವನೂ ಹೀಗೇ ಬರೆಯುತ್ತಿದ್ದ."

ಉಡುಪು ಹಿಡಿದು ಹೋದ ರಾತ್ರಿ
ದೀಪ ಹತ್ತಿರ ಎಳೆದು ಹೊಲಿಗೆ ಬಿಚ್ಚುತ್ತ ಕಂಡೆ:
ಹಳೆಯ ಸೂಜಿಯ ತೂತುಗಳು, ಸಾಲು ಮೇಲೆ ಸಾಲು,
ಕರಿ ದಾರ ಮುಗಿದಾಗ ಡ್ರುಸಿಲ್ಲಾ ಒಳಗೊಳಗೇ ಹಾಕಿದ ನೀಲಿ ಎಳೆ.
"ನಡುವನ್ನು ಇನ್ನೂ ಸಡಿಲಿಸು" ಎಂದಳು ಫಿಲ್ಯೂರಾ,
"ಮಾರ್ಚಿಯ ಹೊತ್ತಿಗೆ ಇದು ಸಾಲುವುದಿಲ್ಲ."
ಆಗಲೇ ನಮಗೆ ಗೊತ್ತಾದದ್ದು.
ಯಾರೂ ಶುಭ ಹಾರೈಸಲಿಲ್ಲ. ಸೂಜಿಗೆ ದಾರ ಪೋಣಿಸಿದೆವು.

ಫೆಬ್ರವರಿಯಲ್ಲಿ ಒಂದು ಕಟ್ಟು ಬಂತು,
ರೋಗದ ಭಯಕ್ಕೆ ಸೀಳಿ, ಹೊಗೆ ಹಾಕಿ, ಹುಳಿ ವಾಸನೆ ಹಿಡಿಸಿದ್ದು.
ಅಜ್ಜಿಯ ಕಾಗದ, ಉಣ್ಣೆಯ ಕಾಲುಚೀಲ ಒಂದು ಜೊತೆ:
ಹುಡುಗ ಬೆಳೆದಿದ್ದಾನು,
ಒಂದು ಬೆರಳು ಉದ್ದವಾಗಿಯೇ ಹೆಣೆದಿದ್ದೇನೆ.
ಅಜ್ಜಿಗೆ ನಮ್ಮ ಕಾಗದ ಇನ್ನೂ ಮುಟ್ಟಿರಲಿಲ್ಲ.
ಆ ನಡುವಿನ ಸಮುದ್ರದಲ್ಲೆಲ್ಲೋ
ಅವನು ಬದುಕಿದ್ದ ಹಡಗು, ಸತ್ತಿದ್ದ ಹಡಗು
ಒಂದನ್ನೊಂದು ದಾಟಿ ಬಾವುಟ ಬೀಸಿರಬೇಕು.

ಈಗ ಉಡುಪು ನನ್ನ ಪೆಟ್ಟಿಗೆಯಲ್ಲಿದೆ.
ಫಿಲ್ಯೂರಾಳ ಮಗು ಹೆಣ್ಣು, ಗುಂಡಗಿದೆ, ಜೋರು ಗಂಟಲು.
ಪಕ್ಕದ ಕೋಣೆಯಲ್ಲಿ ನನ್ನ ಎಲ್ನೇಥನ್ ಕೆಮ್ಮುತ್ತಾನೆ.
ಹಿನ್ನೀರ ಗಾಳಿ, ಇನ್ನೇನಿಲ್ಲ ಎನ್ನುತ್ತಾನೆ ವೈದ್ಯ.
ನಿನ್ನೆ ಲೊಯಿಸ್ ಬಂದಳು,
ಎರಡು ಸಲ ಆ ಕೆಮ್ಮು ಕೇಳಿಸಿಕೊಂಡಳು,
ನನ್ನ ಭುಜದಿಂದ ಮಣಿಕಟ್ಟಿನವರೆಗೆ ಒಮ್ಮೆ ನೋಡಿದಳು,
ಮೇಜಿನ ಮೇಲೆ ಒಂದು ಬಟ್ಟಲು ಸಕ್ಕರೆ ಇಟ್ಟು ಹೋದಳು.

ಇವತ್ತು ಅವಳ ಮನೆಗೆ ಹೋಗಿ
ಬಾಗಿಲ ಹಿಂದೆ ನೋಡಿ ಬಂದೆ.
ಗೀಚಿರಲಿಲ್ಲ.
ಆಗಿನಿಂದ ನನಗೆ ಕೈ ತಣ್ಣಗೆ.